ಓದುಗರ ಪ್ರಶ್ನೆ: ಯುದ್ಧ ಬೇಡ ಎನ್ನುವವರು ಸೈನಿಕರ ಪರ ನಿಲ್ಲುವುದು ಹೇಗೆ?

ಯುದ್ಧವನ್ನು ವಿರೋಧಿಸುತ್ತಲೇ ಅದರಲ್ಲಿ ಹೋರಾಡುವ ಸೈನಿಕರ ಪರ ಎನ್ನುವುದು ಇಬ್ಬಂದಿತನವಲ್ಲವೇ? (ಹಾಸನದ ಓದುಗರು)

ಅಲ್ಲ. ಯುದ್ಧದ ತೀರ್ಮಾನ ಸರ್ಕಾರದ್ದು, ಸೈನಿಕನಿಗೆ ಬರುವುದು ಆದೇಶ. ವಿರೋಧವನ್ನು ತೀರ್ಮಾನ ಮಾಡಿದವರ ಬಾಗಿಲಿಗೇ ಒಯ್ಯಬೇಕು. ಬಾಗಿಲು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಶ್ರೀಲಂಕಾಕ್ಕೆ ಹೋದ ಭಾರತೀಯ ಶಾಂತಿಪಾಲನಾ ಪಡೆಯ ವಿಷಯದಲ್ಲಿ ನೋಡಿದ್ದೇವೆ.

1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದ ಮೇಲೆ ತಮಿಳು ಬಂಡುಕೋರರಿಂದ ಶಸ್ತ್ರ ಒಪ್ಪಿಸಿಕೊಳ್ಳಲು ಹೋದ ಪಡೆ, ಅಕ್ಟೋಬರ್ ಹೊತ್ತಿಗೆ ಅವರದೇ ಒಂದು ಸಂಘಟನೆಯಾದ ಎಲ್‌ಟಿಟಿಇ ಜೊತೆ ನೇರ ಯುದ್ಧಕ್ಕಿಳಿದಿತ್ತು. ಅಕ್ಟೋಬರ್ 11ರ ರಾತ್ರಿ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರನ್ನು ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ನಲ್ಲಿ ಇಳಿಸಿದರು. ಎದುರಾಳಿಗೆ ಸುಳಿವು ಮೊದಲೇ ಸಿಕ್ಕಿತ್ತು. ಹೆಲಿಕಾಪ್ಟರ್‌ಗಳಿಗೆ ಗುಂಡು ತಗುಲಿ, ಉಳಿದವರನ್ನು ತರಲಾಗಲಿಲ್ಲ. ಆ 30 ಜನರಲ್ಲಿ 29 ಮಂದಿ ಸತ್ತರು, ಒಬ್ಬ ಸೆರೆಸಿಕ್ಕ. ಮರೆಯೇ ಇಲ್ಲದ ಬಯಲಿಗೆ ಇವರನ್ನು ಇಳಿಸಿದ್ದು ಯಾವ ಮಾಹಿತಿಯ ಮೇಲೆ ಎಂದು ಕೇಳುವವನು ಸೈನಿಕನ ಪರವಾಗಿಯೇ ಕೇಳುತ್ತಾನೆ.

ಕೊನೆಯ ತುಕಡಿಗಳು 1990ರ ಮಾರ್ಚ್‌ನಲ್ಲಿ ಹಡಗಿನಲ್ಲಿ ಮದ್ರಾಸಿಗೆ ಬಂದವು. ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರ ಸಾವುನೋವಿಗಾಗಿ ಅವರಿಗಿದ್ದ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಹೋಗಬೇಕಾಗಿದ್ದುದು ದೆಹಲಿಗೆ. ಬಿದ್ದದ್ದು ಸುಮಾರು 1,200 ಸಂಗಾತಿಗಳನ್ನು ಕಳೆದುಕೊಂಡು ಬಂದರಿನಲ್ಲಿ ಇಳಿಯುತ್ತಿದ್ದವರ ಮೇಲೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. 1987ರ ಅದೇ ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಪಡೆಯ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಬಲಿಯಾದರು. ಅದರ ವಿಚಾರಣೆ ಕೇಳಿದರೆ ಸೇನೆಯ ವಿರೋಧಿಯಾಗುವುದಿಲ್ಲ.

ಯುದ್ಧ ವಿರೋಧಿಸಿದವರು ಸೈನಿಕರಿಗೆ ನಿಜವಾಗಿ ಏನಾದರೂ ಮಾಡಿಕೊಟ್ಟದ್ದುಂಟೇ? (ಧಾರವಾಡ)

ಉಂಟು. ಅಮೆರಿಕದ ಜಿಮ್ ವೆಬ್ ವಿಯೆಟ್ನಾಮಿನಲ್ಲಿ ಹೋರಾಡಿದ್ದ ಮರೀನ್, ಅಂದರೆ ಅಲ್ಲಿನ ನೌಕಾ ಪದಾತಿದಳದ ಸೈನಿಕ. ಇರಾಕ್ ಯುದ್ಧ ಬೇಡವೆಂದು 2002ರಲ್ಲೇ ಬರೆದರು. 2006ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಅವರ ಮಗ ಮರೀನ್ ಆಗಿ ಇರಾಕಿಗೆ ಹೋಗಿದ್ದ. ತಂದೆ ಮಗನ ಬೂಟು ಹಾಕಿಕೊಂಡು ಪ್ರಚಾರ ಮಾಡಿದರು. ಗೆದ್ದು ಮಂಡಿಸಿದ ಮಸೂದೆ 2008ರ ಜೂನ್ 30ರಂದು ಕಾನೂನಾಯಿತು. 36 ತಿಂಗಳು ಸೇವೆ ಮಾಡಿದವರಿಗೆ ಅಷ್ಟೇ ತಿಂಗಳ ಕಾಲೇಜು ಶುಲ್ಕ, ಮನೆಬಾಡಿಗೆ, ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರ್‌ವರೆಗೆ ಅದರಲ್ಲಿ ಸಿಗುತ್ತದೆ.

ನಮ್ಮ ಶಾಂತಿ ಸಭೆಗೆ ರಜೆಗೆ ಬಂದ ಸೈನಿಕರೊಬ್ಬರನ್ನು ಮಾತಾಡಲು ಕರೆಯಬಹುದೇ? (ಶಿವಮೊಗ್ಗ)

ದಯವಿಟ್ಟು ಬೇಡ. 1950ರ ಸೇನಾ ಕಾಯ್ದೆಯ 21ನೇ ಕಲಮು ಮತ್ತು ಅದರಡಿಯ ನಿಯಮಗಳ ಪ್ರಕಾರ, ಸೇವೆಯಲ್ಲಿರುವವರು ಇಂಥ ಸಭೆಗಳಲ್ಲಿ ಭಾಗವಹಿಸುವುದಕ್ಕೆ, ಪತ್ರಿಕೆಗಳಿಗೆ ಹೇಳಿಕೆ ಕೊಡುವುದಕ್ಕೆ ನಿರ್ಬಂಧವಿದೆ. ಶಿಸ್ತುಕ್ರಮ ಎದುರಿಸುವವರು ಅವರು, ನೀವಲ್ಲ. ನಿವೃತ್ತರನ್ನು ಕರೆಯಿರಿ.

ಗಡಿಯಲ್ಲಿರುವ ಪರಿಚಯದ ಹುಡುಗನಿಗೆ ಪಾರ್ಸೆಲ್ ಕಳಿಸಿದರೆ ತಲುಪುವುದೇ ಇಲ್ಲ. ಯಾಕೆ? (ಮಡಿಕೇರಿ)

ಹೆಚ್ಚಾಗಿ ವಿಳಾಸದ ತಪ್ಪು. ಸೈನಿಕ ಸಂಖ್ಯೆ, ರ್‍ಯಾಂಕ್, ಹೆಸರು, ಯೂನಿಟ್, 9ರಿಂದ ಶುರುವಾಗುವ ಆರಂಕಿಯ ಪಿನ್, ಕೊನೆಗೆ ಕೇರ್ ಆಫ್ 56 ಎಪಿಒ (ಸೇನಾ ಅಂಚೆ ಕಚೇರಿ) ಅಥವಾ 99 ಎಪಿಒ. ಇಷ್ಟೇ. 56 ದೆಹಲಿಯ ಮೂಲಕ ಹೋಗುತ್ತದೆ, 99 ಕೋಲ್ಕತ್ತಾದ ಮೂಲಕ. ಯಾವುದೆಂದು ಮನೆಯವರನ್ನು ಕೇಳಿ. "ಲೇಹ್", "ತವಾಂಗ್" ಎಂದು ಊರಿನ ಹೆಸರು ಸೇರಿಸಿದರೆ ಪಾರ್ಸೆಲ್ ನಾಗರಿಕ ಅಂಚೆಯ ದಾರಿ ಹಿಡಿದು ಅಲೆಯುವ ಅಪಾಯವಿದೆ. ಲೈಟರ್, ಪರ್ಫ್ಯೂಮ್‌ನಂಥ ಬೆಂಕಿ ಹತ್ತುವ ವಸ್ತು ಇಡಬೇಡಿ. ಹೋಳಿಗೆ ಬೂಸಲು ಹಿಡಿಯುತ್ತದೆ, ಚಕ್ಕುಲಿ ಪುಡಿಯಾಗುತ್ತದೆ. ಹುರಿಗಾಳು, ಕಡಲೆ ಚಿಕ್ಕಿ ಒಳ್ಳೆಯದು. ಚಟ್ನಿಪುಡಿಯಾದರೆ ಎಣ್ಣೆ ಹಾಕದೆ ಮಾಡಿ, ಎರಡು ಪದರ ಕವರಿನಲ್ಲಿ ಕಟ್ಟಿ. ವಿಳಾಸ ಬರೆದ ಪೊಟ್ಟಣದ ಫೋಟೋವನ್ನು ಮಾತ್ರ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ.

ಹಣ ಕೊಡುವ ಶಕ್ತಿ ನಮಗಿಲ್ಲ. ಬೇರೇನು ಮಾಡಬಹುದು? (ತುಮಕೂರು)

ನಿಮ್ಮ ಬೀದಿಯ ಮಾಜಿ ಸೈನಿಕರ ಮನೆಯಲ್ಲಿ ಮೂರು ಕಾಗದ ಕೇಳಿ: ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಅಂದರೆ ಪಿಪಿಒ, ಹೆಂಡತಿಯ ಆಧಾರ್. ಮೂರರಲ್ಲೂ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಒಂದೇ ಇದೆಯೇ ನೋಡಿ. ಸೇನೆಯ ದಾಖಲೆಯಲ್ಲಿ "ಲಕ್ಷ್ಮೀದೇವಿ", ಆಧಾರ್‌ನಲ್ಲಿ "ಲಕ್ಷ್ಮಮ್ಮ", ಬ್ಯಾಂಕಿನಲ್ಲಿ "ಕೆ. ಲಕ್ಷ್ಮಮ್ಮ" ಎಂದಿರುವುದು ತೀರಾ ಸಾಮಾನ್ಯ. ಗಂಡ ತೀರಿಕೊಂಡ ಮೇಲೆ ಇದು ಗೊತ್ತಾದರೆ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಂತುಬಿಡುತ್ತದೆ, ಅದೂ ಮನೆಗೆ ಹಣ ತೀರಾ ಬೇಕಾದ ಹೊತ್ತಿನಲ್ಲಿ. ಗಂಡ ಇರುವಾಗಲೇ, ಅವರದೇ ಸಹಿಯಲ್ಲಿ ತಿದ್ದಿಸುವುದು ಎಷ್ಟೋ ಸುಲಭ.

ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ, ಹೆಸರಿನ ಬಗ್ಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅರ್ಜಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ಅವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಕಳಿಸಬೇಕು. ಮೂಲ ಡಿಸ್ಚಾರ್ಜ್ ಬುಕ್ ಯಾರ ಕೈಗೂ ಕೊಡಬೇಡಿ, ದೃಢೀಕರಿಸಿದ ಜೆರಾಕ್ಸ್ ಲಗತ್ತಿಸಿ. ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಆ ಮನೆಯ ಬೀರುವಿನಲ್ಲೇ ಇಡಿಸಿ.