ಕೀಲಿ ಗೊಂಚಲಿನ ಟಾರ್ಚಿಗೆ ಹೆಚ್ಚು ಬೆಳಕು

ಪ್ರಶ್ನೆ: ಕೀಲಿ ಗೊಂಚಲಿನ ಸಣ್ಣ ಟಾರ್ಚಿನ ಬೆಳಕು ನಾಲ್ಕು ಹೆಜ್ಜೆ ಆಚೆ ಬೀಳುವುದಿಲ್ಲ. ರಾತ್ರಿ ತೊಗರಿ ಹೊಲದ ಬದುವಿನ ಮೇಲೆ ಹಾವು-ಚೇಳಿನ ಭಯ. ಪ್ರಕಾಶ ಹೆಚ್ಚಿಸಬಹುದೇ?
– ಓದುಗರು, ಚಿತ್ತಾಪುರ, ಕಲಬುರಗಿ ಜಿಲ್ಲೆ

ಉತ್ತರ: ಮೊದಲು ಬಿಚ್ಚಿ ಸೆಲ್ ನೋಡಿ. ಒಂದೇ ಸಿಆರ್ 2032 (ನಾಣ್ಯದಂತಹ ಚಪ್ಪಟೆ ಸೆಲ್) ಇದ್ದರೆ ರೋಗ ಅಲ್ಲೇ ಇದೆ. ಅದು ಕೊಡುವುದು 3 ವೋಲ್ಟ್. ಬಿಳಿ ಎಲ್‌ಇಡಿ ಚೆನ್ನಾಗಿ ಉರಿಯಲು ಸುಮಾರು 3.2 ಬೇಕು. ಅದರ ಜಾಗದಲ್ಲಿ ಎರಡು ಸಿಆರ್ 2016 ಒಂದರ ಮೇಲೊಂದು ಇಡಿ, ಎರಡರ ಪ್ಲಸ್ಸೂ ಒಂದೇ ಕಡೆಗೆ. ತಲಾ 1.6 ಮಿ.ಮೀ. ದಪ್ಪ, ಹಾಗಾಗಿ ಅದೇ ಗೂಡಿನಲ್ಲಿ ಸರಿಯಾಗಿ ಕೂರುತ್ತವೆ. ಸಿಗುವುದು 6 ವೋಲ್ಟ್.

ನೇರ ಜೋಡಿಸಿದರೆ ಎಲ್‌ಇಡಿ ಬೇಗ ಸುಡಬಹುದು. 20 ಮಿಲಿಆಂಪ್ ಕರೆಂಟಿಗೆ ಲೆಕ್ಕದ ಪ್ರಕಾರ 140 ಓಮ್ ರೆಸಿಸ್ಟರ್ (ಕರೆಂಟು ತಗ್ಗಿಸುವ ಬಿಡಿಭಾಗ) ಬೇಕು. ಸೆಲ್ಲಿನ ಒಳಗಿನ ರೋಧವೂ ಸೇರುವುದರಿಂದ 100 ಓಮ್ (ಕಂದು-ಕಪ್ಪು-ಕಂದು ಪಟ್ಟಿ) ಸಾಕು. ಅದನ್ನು ಎಲ್‌ಇಡಿಯ ಉದ್ದ ಕಾಲಿಗೆ, ಅಂದರೆ ಪ್ಲಸ್ಸಿಗೆ, ಬೆಸುಗೆ ಹಾಕಿ. ಕಾಯಿಸುವುದು ಮೂರು ಸೆಕೆಂಡು ಮಾತ್ರ, ಕಾಲನ್ನು ಚಿಮಟದಲ್ಲಿ ಹಿಡಿದಿರಿ.

ಬಹುತೇಕರು ಎಡವುವುದು ಇಲ್ಲಿ: ಸೆಲ್ಲಿನ ಅಂಚೂ ಪ್ಲಸ್ಸೇ. ಮೈನಸ್ ಕಾಲು ಅಂಚಿಗೆ ತಾಗಿದರೆ ಶಾರ್ಟ್ ಆಗಿ ಸೆಲ್ ಬಿಸಿಯಾಗುತ್ತದೆ. ಆ ಕಾಲಿಗೆ ವೈರಿನ ತೊಗಟೆ ತೊಡಿಸಿ.

ಬೆಳಕು ದೂರ ಹೋಗಬೇಕೆಂದರೆ 15 ಡಿಗ್ರಿ ಕೋನದ 5 ಮಿ.ಮೀ. ಎಲ್‌ಇಡಿ ಕೇಳಿ. ಸೆಲ್ ಮಾತ್ರ ಬೇಗ ಖಾಲಿಯಾಗುತ್ತದೆ, ಬಿಟ್ಟು ಬಿಟ್ಟು ಉರಿಸಿ. ಹಳೆಯ ಸೆಲ್ ಮಕ್ಕಳ ಕೈಗೆ ಸಿಗದಿರಲಿ: ನುಂಗಿದರೆ ಅನ್ನನಾಳ ಸುಡುತ್ತದೆ.