ಓದುಗರ ಪ್ರಶ್ನೆ: ಕೆಲವು ದಿನ ಮಾತ್ರ ಕೆಡುವ ಫೀಡ್

ಪ್ರಶ್ನೆ: ರೇಷ್ಮೆಗೂಡಿನ ದರ ನೋಡಲು ನಮ್ಮ ಕಡೆಯ ಸುದ್ದಿತಾಣವೊಂದರ ಫೀಡನ್ನು (ಹೊಸ ಸುದ್ದಿಗಳ ಪಟ್ಟಿಯಿರುವ ಕಡತ) ಮೊಬೈಲಿನ ಫೀಡ್ ರೀಡರ್‌ಗೆ ಹಾಕಿಕೊಂಡಿದ್ದೇನೆ. ಕೆಲವು ದಿನ ‘48ನೇ ಸಾಲಿನಲ್ಲಿ ದೋಷ’ ಎಂದು ನಿಂತುಬಿಡುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ತಾಣ ಬ್ರೌಸರಿನಲ್ಲಿ ಚೆನ್ನಾಗಿಯೇ ತೆರೆಯುತ್ತದೆ. ತಪ್ಪು ಯಾರದು? ಯಾರಿಗೆ ಹೇಳಲಿ?
– ಓದುಗರು, ಶಿಡ್ಲಘಟ್ಟ

ಉತ್ತರ: ಬಹುಮಟ್ಟಿಗೆ ತಾಣದ್ದೇ. ವೆಬ್ ಪುಟದಲ್ಲಿ ತಪ್ಪಿದ್ದರೆ ಬ್ರೌಸರ್ ಹೇಗೋ ಹೊಂದಿಸಿಕೊಂಡು ತೋರಿಸುತ್ತದೆ. ಫೀಡ್ ಇರುವುದು ಎಕ್ಸ್‌ಎಂಎಲ್‌ನಲ್ಲಿ, ಅಂದರೆ ಮಾಹಿತಿಯನ್ನು ಗುರುತುಗಳ ನಡುವೆ ಜೋಡಿಸಿ ಬರೆಯುವ ಕಟ್ಟುನಿಟ್ಟಿನ ಕ್ರಮದಲ್ಲಿ. ರಚನೆ ತಪ್ಪಿದರೆ ಅಲ್ಲೇ ನಿಲ್ಲಬೇಕು ಎಂಬುದು ಅದರ 1998ರ ಮೊದಲ ಆವೃತ್ತಿಯಿಂದಲೂ ಇರುವ ನಿಯಮ. ನಿಮ್ಮ ಆ್ಯಪ್ ಆ ನಿಯಮ ಪಾಲಿಸುತ್ತಿದೆ, ಅಷ್ಟೆ.

ಹೀಗೆ ಬಂದು ಹೋಗುವ ದೋಷದ ಮೂಲ ಯಾವುದೋ ಒಂದು ಸುದ್ದಿಯಲ್ಲಿರುತ್ತದೆ. ಆ ಸುದ್ದಿ ಹಳೆಯದಾಗಿ ಫೀಡಿನಿಂದ ಹೊರಬಿದ್ದರೆ ದೋಷವೂ ಹೋಗುತ್ತದೆ. ಕನ್ನಡ ಫೀಡಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಸುದ್ದಿಯ ಮೊದಲ ಭಾಗವನ್ನಷ್ಟೇ ಕತ್ತರಿಸಿ ಸಾರಾಂಶವಾಗಿ ಕೊಡುವ ಕೋಡನ್ನು. ಅಕ್ಷರಗಳನ್ನು ಬೈಟ್‌ಗಳಾಗಿ (ಕಂಪ್ಯೂಟರಿನ ಸಂಗ್ರಹದ ಸಣ್ಣ ಘಟಕ) ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ‘ಗೂ’ ಎಂಬುದಕ್ಕೆ ಗಕಾರದ 3, ಕೊಂಬಿನ 3, ಒಟ್ಟು 6 ಬೇಕು. ಬೈಟ್ ಎಣಿಸಿ 200ಕ್ಕೆ ಕತ್ತರಿ ಹಾಕುವ ಕೋಡ್ ಆ ಮೂರರ ನಡುವೆ ಕಡಿದರೆ ಉಳಿದ ತುಂಡು ಯಾವ ಅಕ್ಷರವೂ ಅಲ್ಲ, ಹಾಗಾಗಿ ಫೀಡ್ ಅಲ್ಲೇ ನಿಲ್ಲುತ್ತದೆ. ಕತ್ತರಿ ಮೂರು ಬೈಟ್ ಮುಗಿಯುವ ಅಂಚಿಗೇ ಬಿದ್ದ ದಿನ ಏನೂ ಆಗುವುದಿಲ್ಲ. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರಿಗಂತೂ ಇದು ಕಾಣುವುದೇ ಇಲ್ಲ. ಅಂಗಡಿ ಹೆಸರುಗಳಲ್ಲಿ ಬರುವ ಬರೀ & ಚಿಹ್ನೆಯೂ ಫೀಡನ್ನು ನಿಲ್ಲಿಸುತ್ತದೆ.

ಕೆಟ್ಟ ದಿನವೇ ಫೀಡನ್ನು ಕಂಪ್ಯೂಟರಿನಲ್ಲಿ ‘ಸೇವ್ ಲಿಂಕ್ ಆ್ಯಸ್’ ಕೊಟ್ಟು ಉಳಿಸಿಕೊಳ್ಳಿ. ಪರದೆಯಿಂದ ಕಾಪಿ ಮಾಡಿದರೆ ಒಡೆದ ಬೈಟ್ ಬದಲಾಗಿ ಸಾಕ್ಷ್ಯವೇ ಅಳಿಯುತ್ತದೆ. ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಆನ್‌ಲೈನ್ ಫೀಡ್ ಪರೀಕ್ಷಕಕ್ಕೆ ಫೀಡಿನ ವಿಳಾಸ ಕೊಟ್ಟು, ಅದು ಹೇಳುವ ಸಾಲನ್ನು ಬರೆದುಕೊಳ್ಳಿ. ತಾಣದವರಿಗೆ ಕಳಿಸುವ ಮೇಲ್‌ನಲ್ಲಿ ಫೀಡ್ ವಿಳಾಸ, ದಿನಾಂಕ, ಸಮಯ, ಸಾಲು, ಆ ಸುದ್ದಿಯ ಶೀರ್ಷಿಕೆ ಬರೆದು ಕಡತವನ್ನು ಲಗತ್ತಿಸಿ. ‘ನಿಮ್ಮ ಫೀಡ್ ಸರಿಯಿಲ್ಲ’ ಎಂಬ ಒಂದೇ ಸಾಲಿನಿಂದ ಪ್ರಯೋಜನವಿಲ್ಲ. ‘ತಾಂತ್ರಿಕ ವಿಭಾಗಕ್ಕೆ’ ಎಂದು ಮೇಲ್‌ನ ವಿಷಯದಲ್ಲೇ ನಮೂದಿಸಿ. ಬರೀ ಸಂಪಾದಕರಿಗೆ ಹೋದದ್ದು ಅಲ್ಲೇ ಉಳಿಯಬಹುದು.

ಫೀಡಿನ ಮೇಲ್ಭಾಗದ ‘ಜನರೇಟರ್’ ಸಾಲಿನಲ್ಲಿ ವರ್ಡ್‌ಪ್ರೆಸ್ (ತಾಣ ನಡೆಸುವ ತಂತ್ರಾಂಶ) ಎಂದಿದ್ದರೂ ನೇರವಾಗಿ ಅದರ ತಯಾರಕರಿಗೇ ದೂರಬೇಡಿ. ಕತ್ತರಿಸಿದ್ದು ಥೀಮೋ (ತಾಣದ ವಿನ್ಯಾಸ) ಪ್ಲಗಿನ್ನೋ (ಸೇರಿಸಿಕೊಂಡ ಹೆಚ್ಚುವರಿ ತಂತ್ರಾಂಶ) ಇರಬಹುದು. ಅದು ಯಾವುದೆಂದು ಹುಡುಕಬಲ್ಲವರು ತಾಣದವರೇ. ಪ್ಲಗಿನ್ ಎಂದಾದರೆ ಅದರ ಆವೃತ್ತಿಯೊಂದಿಗೆ ತಯಾರಕರಿಗೆ ತಿಳಿಸಲು ಹೇಳಿ. ಅದನ್ನೇ ಬಳಸುವ ಬೇರೆ ಕನ್ನಡ ತಾಣಗಳಿಗೂ ಇದೇ ಗತಿ. ಕೋಡ್ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ, ಬೈಟ್ ಎಣಿಸುವ ‘ಸಬ್‌ಸ್ಟರ್’ (substr) ಇದ್ದಲ್ಲಿ ಅಕ್ಷರ ಎಣಿಸುವ ‘ಎಂಬಿ ಸಬ್‌ಸ್ಟರ್’ (mb_substr) ಹಾಕಿದರೆ ಒಡೆಯುವುದು ನಿಲ್ಲುತ್ತದೆ.

ಆ್ಯಪ್ ತಯಾರಕರಿಗೆ ಬರೆಯುವುದು, ಅದೇ ಹೊತ್ತಿನಲ್ಲಿ ಪರೀಕ್ಷಕ ‘ಸರಿಯಿದೆ’ ಎಂದರೂ ಆ್ಯಪ್ ನಿಂತಾಗ ಮಾತ್ರ.