ಮಳೆ ಹಿಡಿದ ದಿನಗಳಲ್ಲಿ 5 ವರ್ಷದ ಮಗುವನ್ನು ಮೊಬೈಲ್ ಇಲ್ಲದೆ ಮನೆಯೊಳಗೆ ಆಡಿಸುವುದು ಹೇಗೆ?

ನನ್ನ ಪ್ರಕಾರ ಅಂಗಡಿ ಆಟಕ್ಕೆ ಸಾಟಿಯಿಲ್ಲ. ಬಟ್ಟೆ ಹ್ಯಾಂಗರಿನ ಎರಡು ತುದಿಗೆ ಒಂದೇ ಅಳತೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ದಾರದಿಂದ ಕಟ್ಟಿ, ಮಗುವಿನ ಎತ್ತರಕ್ಕೆ ಬಿಗಿದ ಹಗ್ಗಕ್ಕೆ ನೇತುಹಾಕಿ. ತಕ್ಕಡಿ ಸಿದ್ಧ. ಯಾವುದು ಭಾರ ಅಂತ ಮೊದಲು ಮಗುವೇ ಹೇಳಲಿ, ಆಮೇಲೆ ತೂಗಲಿ. ಡಬ್ಬಿ ತುಂಬ ಮಂಡಕ್ಕಿ ಮೇಲೆದ್ದು, ಒಂದೇ ಒಂದು ಆಲೂಗಡ್ಡೆ ಕೆಳಗಿಳಿದಾಗ ಆ ಮುಖ ನೋಡಬೇಕು! ನೀವು ಗಿರಾಕಿಯಾಗಿ ಚೌಕಾಸಿ ಮಾಡಿ: "ಏನು ಸಾಹುಕಾರ್ರೇ, ನಿನ್ನೆ ಕಡಿಮೆ ಇತ್ತಲ್ಲ?" ಅದಕ್ಕೆ ಮಗು ಕಟ್ಟುವ ಕಥೆಯೇ ಈ ಆಟದ ಜೀವ. ಮಧ್ಯೆ ತಿದ್ದಲು ಹೋಗಬೇಡಿ.

ಇದು ಬೇಸರವಾದರೆ ಎರಡು ಖಾಲಿ ಬೆಂಕಿಪೊಟ್ಟಣಗಳ ಫೋನು. ದಾರ ಬಿಗಿಯಾಗಿರಬೇಕು, ಗೋಡೆಗೆ ತಾಗಬಾರದು. ಸಡಿಲವಾದರೆ ಕಂಪನ ಆಚೆ ತುದಿ ಮುಟ್ಟುವುದಿಲ್ಲ.

ಸಂಜೆ ಕರೆಂಟು ಹೋಯಿತೇ? ಬಿಳಿ ಪಂಚೆ ಇಳಿಬಿಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು, ಹಳೇ ಲಗ್ನಪತ್ರಿಕೆಯಲ್ಲಿ ಕತ್ತರಿಸಿದ ಗೊಂಬೆಗಳನ್ನು ಕುಣಿಸಿ. ನಮ್ಮ ತೊಗಲುಗೊಂಬೆಯಾಟ ನಡೆಯುವುದೂ ಹೀಗೇ, ಪರದೆಯ ಹಿಂದಿನ ಬೆಳಕಿನಲ್ಲಿ. ಗೊಂಬೆ ಬಟ್ಟೆಗೆ ಹತ್ತಿರ ಬಂದಷ್ಟೂ ನೆರಳು ಚೂಪಾಗುತ್ತದೆ, ಟಾರ್ಚಿನ ಕಡೆ ಸರಿದರೆ ರಾಕ್ಷಸನಷ್ಟು ಬೆಳೆಯುತ್ತದೆ.

ಮನೆಯಲ್ಲಿ 3 ವರ್ಷದೊಳಗಿನ ಕೂಸಿದ್ದರೆ ಹುಣಸೆಬೀಜ, ಕಡಲೆಕಾಳು, ಗುಂಡಿಗಳನ್ನು ಆಟಕ್ಕೆ ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.